ಠಾಣೆಯ ಬೀರುವಿನಲ್ಲಿ ಉಳಿದ ಕಾಗದಗಳು

ಕೆಳ ನ್ಯಾಯಾಲಯದಲ್ಲಿ ಶಿಕ್ಷೆಗೊಳಗಾದವನು ಮೇಲ್ಮನವಿ ಸಲ್ಲಿಸಿದನೆಂದರೆ ಇಡೀ ಪ್ರಕರಣ ಹೊಸದಾಗಿ ಪರಿಶೀಲನೆಗೆ ಒಳಪಡುತ್ತದೆ ಎಂಬುದು ನಮ್ಮಲ್ಲಿ ಅನೇಕರ ನಂಬಿಕೆ. ನನಗೂ ಬಹುಕಾಲ ಹಾಗೆಯೇ ಅನ್ನಿಸಿತ್ತು. ಆದರೆ ಹೈಕೋರ್ಟಿನ ಮುಂದೆ ಬರುವುದು ವಿಚಾರಣೆಯಲ್ಲಿ ದಾಖಲಾದ ಸಾಕ್ಷ್ಯ ಮಾತ್ರ. ತನಿಖಾಧಿಕಾರಿ ಕಲೆಹಾಕಿ, ತನ್ನ ವಾದಕ್ಕೆ ಒದಗಲಿಲ್ಲವೆಂದು ಬದಿಗಿಟ್ಟ ಹೇಳಿಕೆಗಳು, ಛಾಯಾಚಿತ್ರಗಳು, ವರದಿಗಳು ಠಾಣೆಯ ಬೀರುವಿನಲ್ಲೇ ಉಳಿಯುತ್ತವೆ. ಶಿಕ್ಷಿತನನ್ನು ಬಿಡಿಸಬಲ್ಲ ಕಾಗದ ಅಲ್ಲಿಯೇ ಇದ್ದರೆ?

1973ರ ದಂಡ ಪ್ರಕ್ರಿಯಾ ಸಂಹಿತೆಯ 207ನೆಯ ಕಲಂ, ಪೊಲೀಸರು ಆಧಾರವಾಗಿಟ್ಟುಕೊಂಡ ದಾಖಲೆಗಳ ಪ್ರತಿಗಳನ್ನಷ್ಟೇ ಆಪಾದಿತನಿಗೆ ಕೊಡಿಸುತ್ತಿತ್ತು. ಬದಿಗಿಟ್ಟ ದಾಖಲೆಗಳ ಪಟ್ಟಿಯನ್ನಾದರೂ ಕೊಡಬೇಕೆಂಬ ಕರಡು ನಿಯಮವನ್ನು 2021ರ ಏಪ್ರಿಲಿನಲ್ಲಿ ಸರ್ವೋಚ್ಚ ನ್ಯಾಯಾಲಯ ಒಪ್ಪಿ, ಆರು ತಿಂಗಳೊಳಗೆ ಅಳವಡಿಸಿಕೊಳ್ಳುವಂತೆ ಹೈಕೋರ್ಟುಗಳಿಗೆ ಸೂಚಿಸಿತು. 2022ರ ಮೇ ತಿಂಗಳಲ್ಲಿ ಮಧ್ಯಪ್ರದೇಶದ ಮನೋಜ್ ಪ್ರಕರಣದಲ್ಲಿ ಅದನ್ನೇ ಎತ್ತಿಹಿಡಿಯಿತು. ಅದೇ ವರ್ಷ ನವೆಂಬರ್ 7ರಂದು, ತಮಿಳುನಾಡಿನ ಮೊಕದ್ದಮೆಯೊಂದರಲ್ಲಿ, ಈ ಹಕ್ಕು ಕೇವಲ ಕರಡು ನಿಯಮವನ್ನು ನೆಚ್ಚಿ ನಿಂತದ್ದಲ್ಲವೆಂದು ಬಹುಮತದ ತೀರ್ಪು ಹೇಳಿತು. ಇಷ್ಟಾದ ಮೇಲೂ ಸಂಸತ್ತು ಮಾಡಿದ್ದೇನು? 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 230ನೆಯ ಕಲಮಿನಲ್ಲಿ ಪ್ರತಿ ಕೊಡಲು 14 ದಿನಗಳ ಗಡುವು ಸೇರಿತು. ಬದಿಗಿಟ್ಟ ಕಾಗದಗಳ ಬಗ್ಗೆ ಒಂದಕ್ಷರವೂ ಸೇರಲಿಲ್ಲ.

ಮೇಲ್ಮನವಿದಾರನ ಪಾಡು ಇನ್ನೂ ಕಷ್ಟದ್ದು. ಅಗತ್ಯವೆನಿಸಿದರೆ ಮೇಲ್ಮನವಿ ನ್ಯಾಯಾಲಯ ಹೆಚ್ಚಿನ ಸಾಕ್ಷ್ಯ ಪಡೆಯಬಹುದೆಂದು ಹಳೆಯ 391ನೆಯ ಕಲಂ ಹೇಳುತ್ತಿತ್ತು, ಈಗಿನ 432ನೆಯದೂ ಹೇಳುತ್ತದೆ. ಅಗತ್ಯವೆಂದು ಮನಗಾಣಿಸಬೇಕಾದವನು ಯಾರು? ಆ ಕಾಗದವನ್ನು ಕಂಡೇ ಇರದ ಕೈದಿ! ಪೆಟ್ಟಿಗೆಯೊಳಗೆ ಏನಿದೆಯೆಂದು ಮೊದಲು ಹೇಳು, ಆಮೇಲೆ ಬೀಗ ತೆಗೆಯೋಣ ಎನ್ನುವುದು ಯಾವ ನ್ಯಾಯ?

ಹೀಗೆ ಬೀಗ ತೆಗೆಯುತ್ತ ಹೋದರೆ ಪ್ರಕರಣಗಳು ಮುಗಿಯುವುದೇ ಇಲ್ಲ ಎನ್ನುವವರಿದ್ದಾರೆ. 2014ರಲ್ಲಿ ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯವೂ ಅಪರಾಧ ಸಾಬೀತಾದ ಮೇಲೆ ದಾಖಲೆ ತೋರಿಸುವ ಹೊಣೆ ವಿಚಾರಣೆಯ ಕಾಲದಷ್ಟು ವಿಶಾಲವಲ್ಲವೆಂದಿತು. ಅದೇ ದೇಶದಲ್ಲಿ ಆಂಡ್ರ್ಯೂ ಮಾಲ್ಕಿನ್ಸನ್ ಎಂಬವರು ಮಾಡದ ಅತ್ಯಾಚಾರಕ್ಕಾಗಿ 2004ರಲ್ಲಿ ಶಿಕ್ಷಿತರಾಗಿ 17 ವರ್ಷ ಸೆರೆಯಲ್ಲಿದ್ದರು. ದಾಳಿಕಾರನ ಮುಖವನ್ನು ಉಗುರು ಮುರಿಯುವಂತೆ ಪರಚಿದ್ದೆನೆಂದು ಸಂತ್ರಸ್ತೆ ಹೇಳಿದ್ದರು. ಮಾಲ್ಕಿನ್ಸನ್‌ರ ಮುಖದಲ್ಲಿ ಗೀರು ಇರಲಿಲ್ಲ. ಆಕೆಯ ಮಾತನ್ನು ಪುಷ್ಟೀಕರಿಸುವ ಕೈಯ ಛಾಯಾಚಿತ್ರ ಪೊಲೀಸರ ಬಳಿ ಇತ್ತು, ಪ್ರತಿವಾದಿಗೆ ತೋರಿಸಿರಲಿಲ್ಲ. ಗುರುತು ಹಿಡಿದ ಸಾಕ್ಷಿಗಳು ಹಿಂದೆ ವಂಚನೆಯಂತಹ ಅಪರಾಧಗಳಿಗೆ ಶಿಕ್ಷಿತರಾಗಿದ್ದುದನ್ನೂ ತಿಳಿಸಿರಲಿಲ್ಲ. ಮುಖ್ಯವಾಗಿ ಡಿಎನ್‌ಎ ಪರೀಕ್ಷೆಯಿಂದ ಅವರ ಶಿಕ್ಷೆ 2023ರ ಜುಲೈ 26ರಂದು ರದ್ದಾಯಿತೆಂಬುದು ನಿಜ. ಆದರೆ ಆ ಒಂದು ಚಿತ್ರ 2004ರಲ್ಲೇ ವಕೀಲರ ಕೈಸೇರಿದ್ದರೆ? ಪ್ರಕರಣ ಬೇಗ ಮುಗಿಯಬೇಕೆನ್ನುವವರು ಇದಕ್ಕೆ ಉತ್ತರಿಸಲಿ.

ಹೊರನಾಡಿನಲ್ಲಿರುವ ನಮಗೆ ಇದರಲ್ಲಿ ಇನ್ನೊಂದು ತೊಡಕಿದೆ. ಮುಂಬಯಿಯಲ್ಲಿ ಪಂಚನಾಮೆ ಮರಾಠಿಯಲ್ಲಿ. ಚೆನ್ನೈಯಲ್ಲಿ ಸಾಕ್ಷಿಯ ಹೇಳಿಕೆ ತಮಿಳಿನಲ್ಲಿ. ಸಾಕ್ಷಿ ನುಡಿದದ್ದನ್ನು ಆಪಾದಿತನಿಗೆ ತಿಳಿಯುವ ಭಾಷೆಯಲ್ಲಿ ವಿವರಿಸಬೇಕೆಂದು ಕಾನೂನಿದೆ, ದಾಖಲೆಗಳಿಗಾದರೋ ನ್ಯಾಯಾಲಯಕ್ಕೆ ಅವಶ್ಯವೆನಿಸಿದಷ್ಟೇ. ಊರಿನಿಂದ ಹೋಟೆಲು ಕೆಲಸಕ್ಕೆ ಬಂದ ಹುಡುಗನೊಬ್ಬ ಸಿಕ್ಕಿಬಿದ್ದನೆನ್ನಿ. ಕೊಟ್ಟ ಕಾಗದವನ್ನೇ ಓದಲಾರದವನು ಕೊಡದ ಕಾಗದವನ್ನು ಹೇಗೆ ಕೇಳಿಯಾನು?

ಮೇಲ್ಮನವಿಯ ದಾಖಲೆಗಳೊಡನೆ, ಕೈದಿ ಕೇಳದೆಯೇ, ಬದಿಗಿಟ್ಟ ಕಾಗದಗಳ ಪಟ್ಟಿಯೂ ಬರಬೇಕು. ಅವನ್ನು ನೋಡಲು ಅವನ ವಕೀಲರಿಗೆ ಅವಕಾಶವಿರಬೇಕು. ಕೊನೆಯ ಮೇಲ್ಮನವಿ ಮುಗಿಯುವವರೆಗೆ ಯಾವುದನ್ನೂ ನಾಶಮಾಡಕೂಡದು. ನಮ್ಮ ಸಂಘಗಳಲ್ಲಿ ವಕೀಲರಿಗೆ ಬರವಿಲ್ಲ. ರಾಜ್ಯೋತ್ಸವದ ವೇದಿಕೆಯಿಂದ ಇಳಿದ ಮೇಲೆ, ತಂತಮ್ಮ ಹೈಕೋರ್ಟಿನ ನಿಯಮಗಳಲ್ಲಿ 2021ರ ಕರಡು ಸೇರಿದೆಯೇ ಎಂದು ಕೇಳಿ ಅವರು ಒಂದು ಪತ್ರವನ್ನಾದರೂ ಬರೆಯಲಿ.