ಸಪ್ಪಳ ಯಾವ ಗಾಲಿಯದು?

ನಮ್ಮದು 1999ರ ಮಾರುತಿ 800. ಈ ಮಾದರಿಯ ತಯಾರಿಕೆ 2014ರಲ್ಲೇ ನಿಂತುಹೋಯಿತು. ಹಳೆ ಬಾಗಲಕೋಟೆಯ ಮನೆಯನ್ನು ಆಲಮಟ್ಟಿಯ ಹಿನ್ನೀರಿಗೆ ಬಿಟ್ಟುಕೊಟ್ಟು ನವನಗರಕ್ಕೆ ಬಂದ ಮೇಲೆ ಕೊಂಡ ಗಾಡಿಯೆಂದು ಅದರ ಮೇಲೆ ಎಲ್ಲರಿಗೂ ಮಮತೆ. ಹದಿನೈದು ವರ್ಷ ತುಂಬಿದ ಮೇಲೂ ಐದೈದು ವರ್ಷಕ್ಕೊಮ್ಮೆ ನೋಂದಣಿ ನವೀಕರಿಸಿಕೊಂಡು ನಮ್ಮ ಬಾಗಿಲಲ್ಲಿ ಬೇವಿನ ಮರದ ಕೆಳಗೆ ಅದು ನಿಂತೇ ಇದೆ.

ಕಳೆದ ಮಳೆಗಾಲದ ಕೊನೆಗೆ ಬಾದಾಮಿಗೆ ಹೊರಟಾಗ ಅದಕ್ಕೊಂದು ಹೊಸ ರೋಗ ಶುರುವಾಯಿತು. ವೇಗ ನಲವತ್ತು ಕಿಲೋಮೀಟರ್ ದಾಟಿದರೆ ಸಾಕು, ಎಲ್ಲಿಂದಲೋ ‘ಗುಂಯ್’ ಎಂಬ ಸಪ್ಪಳ. ವೇಗ ಹೆಚ್ಚಿದಂತೆ ಸಪ್ಪಳವೂ ಏರುತ್ತದೆ. ಹಿಂದೆ ಕುಳಿತ ನಮ್ಮ ತಾಯಿ, ಮಗಳು ಇಬ್ಬರೂ ‘ಹಿಂದಿನಿಂದಲೇ ಬರುತ್ತಿದೆ’ ಎಂದರು. ಗ್ಯಾರೇಜಿನವರೊಬ್ಬರು ‘ಟೈರು ಸವೆದಿವೆ’ ಎಂದರು. ಹಿಂದಿನ ಎರಡೂ ಟೈರು ಬದಲಿಸಿದೆ. ಹಣ ಹೋಯಿತು, ಸಪ್ಪಳ ಹೋಗಲಿಲ್ಲ. ಇನ್ನೊಬ್ಬರು ಗೇರ್‌ಬಾಕ್ಸ್ ಇಳಿಸಿ ನೋಡಬೇಕೆಂದರು. ಅದರ ಖರ್ಚು ಕೇಳಿ ನಾನು ಸುಮ್ಮನೆ ಮನೆಗೆ ಬಂದೆ.

ಮೊದಲ ವರ್ಷದ ಪಿಯುಸಿಯಲ್ಲಿದ್ದ ಮಗಳು ‘ನಾ ಒಂದ್ಸಲ ನೋಡ್ಲೇನ್ರಿ ಅಪ್ಪಾ?’ ಎಂದಳು. ಕಿರುಪರೀಕ್ಷೆಯಲ್ಲಿ ಫಿಸಿಕ್ಸ್ ಅಂಕ ಕಡಿಮೆ ಬಂದಿದ್ದ ಸಿಟ್ಟು ನನಗಿತ್ತು. ‘ನೀ ಮೊದ್ಲ ಫಿಸಿಕ್ಸ್ ಓದ್ಕೊ, ಹೋಗು’ ಎಂದುಬಿಟ್ಟೆ. ಒಳಗಿನಿಂದ ನಮ್ಮ ತಾಯಿಯ ದನಿ ಕೇಳಿತು: ‘ಚಕ್ಕಡಿ ಗಾಲಿ ಒದರಾಕತ್ತಿದ್ರ ನಿಮ್ಮಪ್ಪಾರು ಮೊದ್ಲ ಯಾವ ಗಾಲಿ ಅಂತ ನೋಡ್ತಿದ್ರು. ಆಮ್ಯಾಲ ಕೀಲೆಣ್ಣಿ ಹಾಕ್ತಿದ್ರು. ನೀ ನೋಡಿದ್ರ ಗಾಲೀನ ಬದಲಿ ಮಾಡಿ ಬಂದಿ.’

ನಾನು ಬಾಯಿ ಮುಚ್ಚಿಕೊಂಡು ಕಾರಿನ ಕೀಲಿಕೈ ತೆಗೆದುಕೊಂಡೆ.

ಭಾನುವಾರ ಬೆಳಿಗ್ಗೆ ನವನಗರದ ಅಗಲವಾದ ರಸ್ತೆಗಳು ಖಾಲಿ ಇರುತ್ತವೆ. ನಾನು ಗಾಡಿ ನಡೆಸಿದೆ, ಮಗಳು ನೋಟ್‌ಬುಕ್ಕು ಹಿಡಿದು ಪಕ್ಕದಲ್ಲಿ ಕುಳಿತಳು. ಅವಳದು ಒಂದೇ ಶರತ್ತು: ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಬೇಕು.

ಮೊದಲಿಗೆ, ಟೈರಿನ ಗೆರೆಯಲ್ಲಿ ಕಲ್ಲು ಸಿಕ್ಕಿರಬಹುದೇ? ನಮ್ಮ ಗಾಡಿಯ ಗಾಲಿಯ ಸುತ್ತಳತೆ ಸುಮಾರು 1.6 ಮೀಟರ್. ಗಂಟೆಗೆ 36 ಕಿ.ಮೀ. ಎಂದರೆ ಸೆಕೆಂಡಿಗೆ 10 ಮೀಟರ್. ಅಂದರೆ ಗಾಲಿ ಸೆಕೆಂಡಿಗೆ ಆರು ಸುತ್ತಿಗಿಂತ ತುಸು ಹೆಚ್ಚು ತಿರುಗುತ್ತದೆ. ಕಲ್ಲಾದರೆ ಸುತ್ತಿಗೊಂದು ‘ಟಕ್’ ಕೇಳಬೇಕು. ನಮ್ಮದು ಬಿಡಿಬಿಡಿ ಟಕ್ ಅಲ್ಲ, ಎಡೆಬಿಡದ ಗುಂಯ್. ಕಲ್ಲಲ್ಲ.

ಎರಡನೆಯದು, ಎಂಜಿನ್ನೇ? ಓಡುವಾಗಲೇ ಗೇರನ್ನು ನ್ಯೂಟ್ರಲ್‌ಗೆ ತಂದೆ. ಎಂಜಿನ್ ಬಂದ್ ಮಾಡಲಿಲ್ಲ, ಮಾಡಬಾರದು ಕೂಡ. ಎಂಜಿನ್ನಿನ ದನಿ ಇಳಿಯಿತು, ಗುಂಯ್ ಮಾತ್ರ ಹಾಗೆಯೇ ಉಳಿಯಿತು. ಎಂಜಿನ್ ಅಲ್ಲ.

ಮೂರನೆಯದು, ಟೈರೇ? ಡಾಂಬರಿನಿಂದ ಕಾಂಕ್ರೀಟಿಗೆ ಹೋದೆವು. ಟೈರಿನ ಸಪ್ಪಳವಾದರೆ ರಸ್ತೆ ಬದಲಾದಂತೆ ಬದಲಾಗಬೇಕು. ಬದಲಾಗಲಿಲ್ಲ.

ನಾಲ್ಕನೆಯದು, ದೊಡ್ಡ ತಿರುವುಗಳಲ್ಲಿ ನಿಧಾನವಾಗಿ ಬಲಕ್ಕೂ ಎಡಕ್ಕೂ ಹೊರಳಿಸಿದೆ. ‘ಅಪ್ಪಾ, ಬಲಕ್ಕ ಹೊಳ್ಳಿಸಿದ್ರ ಸಪ್ಪಳ ಜಾಸ್ತಿ ಆಗ್ತೈತಿ, ಎಡಕ್ಕ ಹೊಳ್ಳಿಸಿದ್ರ ಕಡಿಮಿ!’ ಎಂದಳು. ಬಸ್ಸು ಬಲಕ್ಕೆ ತಿರುಗಿದರೆ ನಾವೆಲ್ಲ ಎಡಕ್ಕೆ ವಾಲುತ್ತೇವಲ್ಲ, ಹಾಗೆಯೇ ಗಾಡಿಯ ಭಾರವೂ ಎಡ ಗಾಲಿಗಳ ಮೇಲೆ ಬೀಳುತ್ತದೆ. ಭಾರ ಬಿದ್ದಾಗ ನರಳುವುದು ಕೆಟ್ಟ ಬೇರಿಂಗು. ಅಂದರೆ ಎಡಗಡೆಯದೇ.

ಮನೆಗೆ ಬಂದು ಉಳಿದ ಗಾಲಿಗಳಿಗೆ ಕಲ್ಲು ಕೊಟ್ಟು, ಜಾಕ್ ಹಚ್ಚಿ, ಎಡಗಡೆಯ ಗಾಲಿಗಳನ್ನು ಒಂದೊಂದಾಗಿ ಎತ್ತಿದೆವು. (ಮಕ್ಕಳೇ, ಇದನ್ನು ದೊಡ್ಡವರಿಲ್ಲದೆ ಮಾಡಬೇಡಿ. ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾರೂ ನುಸುಳಬಾರದು.) ಹಿಂದಿನ ಗಾಲಿ ಸರಾಗವಾಗಿ ತಿರುಗಿತು. ಮುಂದಿನ ಗಾಲಿಯನ್ನು ನಾನು ತಿರುಗಿಸುವಾಗ ಮಗಳು ಅದರ ಸ್ಪ್ರಿಂಗಿನ ಮೇಲೆ ಕೈಯಿಟ್ಟಳು. ಮರಳು ಬೀಸಿದಂತೆ ನಡುಕ! ಹಿಂದೆ ಕೇಳುತ್ತಿದ್ದ ಸಪ್ಪಳದ ತವರು ಮುಂದಿತ್ತು. ತಗಡಿನ ಮೈಯಲ್ಲಿ ಸಪ್ಪಳ ಹರಿದು ಕಿವಿಗೆ ಮೋಸ ಮಾಡಿತ್ತು.

ಬಿಚ್ಚಿದ ಬೇರಿಂಗನ್ನು ಮೆಕ್ಯಾನಿಕ್ ತೋರಿಸಿದರು. ಒಳಗೆ ನೀರಿಳಿದು ಗ್ರೀಸ್ ಕೆಟ್ಟು, ಗುಂಡುಗಳು ಓಡುವ ದಾರಿಯಲ್ಲಿ ಸಣ್ಣ ಸಣ್ಣ ಕುಳಿ ಬಿದ್ದಿದ್ದವು. ಹಾಗೆಯೇ ಓಡಿಸಿದ್ದರೆ ಬೇರಿಂಗ್ ಕಾದು, ಗಾಲಿ ಅಲುಗಾಡಿ, ನಡುದಾರಿಯಲ್ಲಿ ಅನಾಹುತವಾಗುತ್ತಿತ್ತು. ಅದೇ ಗಾಡಿಯಲ್ಲಿ ವಾರಕ್ಕೆರಡು ಸಲ ನಮ್ಮ ತಾಯಿ, ಮಗಳನ್ನು ಕೂರಿಸಿಕೊಂಡು ಓಡಾಡಿದ್ದೆ.

ಸಪ್ಪಳದಿಂದ ರೋಗ ಹಿಡಿಯುವ ವಿದ್ಯೆ ಹಳೆಯದು. ಎದೆಯನ್ನು ಬೆರಳಿನಿಂದ ತಟ್ಟಿ ಒಳಗಿನ ರೋಗ ತಿಳಿಯುವ ಕ್ರಮವನ್ನು ವಿಯೆನ್ನಾದ ವೈದ್ಯ ಔಎನ್‌ಬ್ರುಗರ್ 1761ರಲ್ಲಿ ಬರೆದಿಟ್ಟ. ಆತ ವಸತಿಗೃಹ ನಡೆಸುವವನ ಮಗ. 1816ರಲ್ಲಿ ಫ್ರಾನ್ಸಿನ ಲೆನೆಕ್ ಸ್ಟೆತಾಸ್ಕೋಪ್ ಕಂಡುಹಿಡಿದ. ರೈಲು ಗಾಲಿಗಳನ್ನು ಸುತ್ತಿಗೆಯಿಂದ ತಟ್ಟಿ, ಬಿರುಕಿದ್ದರೆ ದನಿಯಲ್ಲೇ ಗುರುತಿಸುವವರೂ ಇದ್ದರು. ಸಂತೆಯಲ್ಲಿ ಗಡಿಗೆ ಬಡಿದು ನೋಡುವ ನಮ್ಮ ಹೆಣ್ಣುಮಕ್ಕಳು ಮಾಡುವುದೂ ಇದನ್ನೇ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಗಳ ಅಂಕ ಕಡಿಮೆಯಾದಾಗ ನಾನು ಮಾಡಿದ್ದೇನು? ಒಂದು ಟ್ಯೂಷನ್ ಬಿಡಿಸಿ ಇನ್ನೊಂದಕ್ಕೆ ಹಾಕಿದ್ದೆ. ಅದೂ ಟೈರು ಬದಲಿಸಿದಂತೆಯೇ. ಮರುದಿನ ಅವಳ ಉತ್ತರಪತ್ರಿಕೆ ಮುಂದಿಟ್ಟುಕೊಂಡು ಒಂದೊಂದೇ ಪ್ರಶ್ನೆ ಕೇಳಿದೆ. ಲೆಕ್ಕ ಬರುತ್ತಿತ್ತು. ವಿಷಯವೂ ತಿಳಿದಿತ್ತು. ಹತ್ತನೆಯವರೆಗೆ ಕನ್ನಡದಲ್ಲಿ ಓದಿದ ಹುಡುಗಿ ಇಂಗ್ಲಿಷಿನ ಪ್ರಶ್ನೆ ಏನು ಕೇಳುತ್ತಿದೆ ಎಂಬಲ್ಲಿ ಎಡವುತ್ತಿದ್ದಳು. ‘ಮೊದ್ಲ ಯಾಕ ಹೇಳ್ಲಿಲ್ಲವಾ?’ ಎಂದೆ. ‘ನೀವು ಕೇಳ್ಲೇ ಇಲ್ಲಲ್ರಿ’ ಎಂದಳು.

ಈಗ ದಿನಾ ಸಂಜೆ ಅರ್ಧ ಗಂಟೆ ಇಬ್ಬರೂ ಕೂತು ಪ್ರಶ್ನೆಗಳನ್ನಷ್ಟೇ ಓದುತ್ತೇವೆ, ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ. ವಿದ್ಯಾರ್ಥಿ ಮಿತ್ರರೇ, ನಿಮ್ಮ ಸೈಕಲ್ಲು ಸಪ್ಪಳ ಮಾಡುತ್ತಿದ್ದರೆ ಒಂದು ನೋಟ್‌ಬುಕ್ಕು ಹಿಡಿದು ಹುಡುಕಿ ನೋಡಿ. ಪಾಲಕರೇ, ಅವರು ಹುಡುಕುವಾಗ ‘ಹೋಗು, ಓದ್ಕೊ’ ಎನ್ನಬೇಡಿ.