ಪಿಯಾನೋ ಸುತ್ತಿಗೆಗೂ ಗಂಜಿ!

ಮನೆಯಲ್ಲೇ ಒಂದು ಸಣ್ಣ ಪ್ರಯೋಗ ಮಾಡಿ ನೋಡಿ. ಖಾಲಿ ಸ್ಟೀಲ್ ಲೋಟವನ್ನು ಚಮಚದಿಂದ ಮೆಲ್ಲನೆ ಬಡಿಯಿರಿ, ಟಣ್ ಎನ್ನುತ್ತದೆ. ಅದೇ ಚಮಚಕ್ಕೆ ದಪ್ಪ ಬಟ್ಟೆ ಸುತ್ತಿ ಬಡಿಯಿರಿ; ದನಿ ಮಂಕಾಗುತ್ತದೆ. ಲೋಟ ಅದೇ, ಬಡಿದ ವಸ್ತು ಮಾತ್ರ ಬೇರೆ.

ಪಿಯಾನೋದಲ್ಲಿ ನಡೆಯುವುದೂ ಇದೇ. ಅದರ 88 ಕೀಗಳಲ್ಲಿ ಒಂದನ್ನು ಒತ್ತಿದರೆ ಒಳಗಿನ ಪುಟ್ಟ ಮರದ ಸುತ್ತಿಗೆ ತಂತಿಗೆ ಬಡಿದು ಹಿಂದೆ ಸರಿಯುತ್ತದೆ. 1700ರ ಸುಮಾರಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ಟೊಫೊರಿ ರೂಪಿಸಿದ ಪಿಯಾನೋದ ಸುತ್ತಿಗೆಗೆ ತೊಗಲಿನ ಹೊದಿಕೆ ಇತ್ತು. ಇಂದಿನ ಸುತ್ತಿಗೆಗೆ ಇರುವುದು ಕುರಿಯುಣ್ಣೆಯನ್ನು ಒತ್ತಿ ಮಾಡಿದ ಫೆಲ್ಟ್.

ತಂತಿ ಮಿಡಿದಾಗ ಮೂಲಸ್ವರದ ಜೊತೆಗೆ ಹೆಚ್ಚು ಆವೃತ್ತಿಯ ಅನೇಕ ಸಣ್ಣ ಕಂಪನಗಳೂ ಹುಟ್ಟುತ್ತವೆ. ನಾದಕ್ಕೆ ಹೊಳಪು ಬರುವುದು ಇವುಗಳಿಂದ. ಫೆಲ್ಟ್ ತೀರ ಮೃದುವಾಗಿದ್ದರೆ ಸುತ್ತಿಗೆ ತಂತಿಯ ಮೇಲೆ ಕ್ಷಣಾಂಶ ಹೆಚ್ಚು ಹೊತ್ತು ನಿಂತು ಆ ಕಂಪನಗಳನ್ನು ಅಡಗಿಸಿಬಿಡುತ್ತದೆ. ಗಟ್ಟಿಯಾಗಿದ್ದರೆ ಬೇಗ ಸರಿಯುತ್ತದೆ, ಕಂಪನಗಳು ಉಳಿಯುತ್ತವೆ. ಶ್ರುತಿ ಬದಲಾಗದು, ನಾದದ ಗುಣ ಬದಲಾಗುತ್ತದೆ.

ಮೃದು ಫೆಲ್ಟನ್ನು ಗಟ್ಟಿ ಮಾಡುವುದು ಹೇಗೆ? ಅಮ್ಮ ಹತ್ತಿ ಸೀರೆಗೆ ಗಂಜಿ ಹಾಕುವುದನ್ನು ನೆನಪಿಸಿಕೊಳ್ಳಿ. ನೀರು ಆರುತ್ತದೆ, ಪಿಷ್ಟ ಎಳೆಗಳಲ್ಲಿ ಉಳಿದು ಬಿಗಿ ಕೊಡುತ್ತದೆ. ಇಲ್ಲಿಯೂ ಹಾಗೆಯೇ. ತೆಳು ಮಾಡಿದ ಲ್ಯಾಕರನ್ನೋ, ಮದ್ಯಸಾರದಲ್ಲಿ ಕರಗಿಸಿದ ಅರಗನ್ನೋ ಫೆಲ್ಟಿಗೆ ಕೆಲವೇ ಹನಿ ಉಣಿಸುತ್ತಾರೆ. ದ್ರಾವಕ ಆವಿಯಾಗುತ್ತದೆ, ಘನಪದಾರ್ಥ ಉಣ್ಣೆಯ ಎಳೆಗಳನ್ನು ಹಿಡಿದಿಡುತ್ತದೆ. ಸ್ಟೈನ್‌ವೇ ಕಂಪನಿಯ ನ್ಯೂಯಾರ್ಕ್ ಕಾರ್ಖಾನೆಯ ಸಂಪ್ರದಾಯ ಇದು. ಅದೇ ಕಂಪನಿಯ ಹ್ಯಾಂಬರ್ಗ್ ಕಾರ್ಖಾನೆಯದು ತದ್ವಿರುದ್ಧ: ಮೊದಲೇ ಗಟ್ಟಿಯಾದ ಫೆಲ್ಟನ್ನು ಸೂಜಿಯಿಂದ ಚುಚ್ಚಿ ಹದಕ್ಕೆ ತರುವುದು.

ಪೋಷಕರಿಗೊಂದು ಮಾತು. ಮಗುವಿನ ಪಿಯಾನೋ ಮಂಕಾಗಿದೆ ಎಂದು ಕೂಡಲೇ ದ್ರಾವಣ ಹಾಕಿಸಬೇಡಿ. ಮೊದಲು ಶ್ರುತಿ ಮಾಡಿಸಿ; ಸುತ್ತಿಗೆಗಳ ಆಕಾರ ಕೆಟ್ಟಿದೆಯೇ, ಅವು ತಂತಿಗೆ ಸರಿಯಾಗಿ ತಾಗುತ್ತವೆಯೇ ಎಂದು ನೋಡಿಸಿ. ದ್ರಾವಣ ಕೊನೆಯ ಉಪಾಯ. ಅದೂ ನುರಿತವರ ಕೈಯಲ್ಲೇ ಆಗಬೇಕು, ಏಕೆಂದರೆ ಈ ದ್ರಾವಕಗಳ ಆವಿ ಬೇಗ ಬೆಂಕಿ ಹಿಡಿಯುತ್ತದೆ, ಉಸಿರಿಗೂ ಒಳ್ಳೆಯದಲ್ಲ. ಅನುಭವಸ್ಥರು ತೆಳುವಾದ ದ್ರಾವಣವನ್ನು ಸ್ವಲ್ಪವೇ ಹಾಕಿ, ಪೂರ್ತಿ ಆರುವವರೆಗೆ ಕಾದು, ನುಡಿಸಿ ಕೇಳಿ, ಆಮೇಲೆ ಬೇಕಿದ್ದರೆ ಇನ್ನಷ್ಟು ಹಾಕುತ್ತಾರೆ. ಗಂಜಿ ಹೆಚ್ಚಾದ ಸೀರೆಯನ್ನು ಮತ್ತೆ ನೀರಿಗೆ ಹಾಕಬಹುದು. ಫೆಲ್ಟಿನೊಳಗೆ ಇಳಿದ ಲ್ಯಾಕರನ್ನು ಹಿಂದಕ್ಕೆ ತೆಗೆಯುವುದು ಅಷ್ಟು ಸುಲಭವಲ್ಲ.