ಓಕೆ ಒತ್ತೂದಕಿಂತ ಮೊದಲ ಓದ್ರಿ

ನಮ್ಮ ಬಳಗದಾಗ ಈಗ ಎಷ್ಟೋ ಹುಡುಗ್ಯಾರು, ಸೊಸೆಯಂದ್ರು ಸಾಫ್ಟ್‌ವೇರ್ ಟೆಸ್ಟಿಂಗ್ ಕಲೀಲಿಕ್ಕೆ ಹತ್ಯಾರ. ಗೊತ್ತಿಲ್ಲದವ್ರಿಗೆ ಒಂದ ಮಾತಿನ್ಯಾಗ ಹೇಳ್ತೀನಿ: ವೆಬ್‌ಸೈಟ್ ಸರಿ ನಡೀತದೋ ಇಲ್ಲೋ ಅಂತ ನೋಡೂ ಕೆಲಸ ಅದು. ದಿನಾ ಅದನ್ನ ಅದನ್ನ ಕೈಲೆ ಒತ್ತಿ ನೋಡೂದು ಯಾರಿಗೆ ಬೇಕ್ರಿ? ಅದಕ್ಕ ಸೆಲೆನಿಯಂನಂಥಾ ಸಾಧನಕ್ಕ ಒಮ್ಮೆ ಬರದು ಕೊಟ್ರ ಅದ ಬ್ರೌಸರ್ ತಗದು, ಅದ ಕ್ಲಿಕ್ ಮಾಡಿ ನೋಡ್ತದ.

ನಡುವ ಒಂದು ಬಾಕ್ಸ್ ಧಡಕ್ಕನ ಬರ್ತದ: "ಈ ಆರ್ಡರ್ ತೆಗೆದುಹಾಕಲೇ?" ಬಾಗಲದಾಗ ನಿಂತ ಬೀಗರಿದ್ದಂಗ ಅದು. ಮಾತಾಡಿಸೂತನಾ ಒಳಗಿನ ಕೆಲಸ ಸಾಗೂದಿಲ್ಲ.

ಇದ್ರಾಗ ಮೂರು ನಮೂನಿ ಅವ. ಅಲರ್ಟ್ ಬರೇ ಹೇಳ್ತದ, ಓಕೆ ಒಂದ ಇರ್ತದ. ಕನ್‌ಫರ್ಮ್ ಕೇಳ್ತದ, ಓಕೆ ಮತ್ತ ಕ್ಯಾನ್ಸಲ್ ಎರಡೂ ಇರ್ತಾವ. ಪ್ರಾಂಪ್ಟ್ ಬರೀಲಿಕ್ಕೂ ಜಾಗಾ ಕೊಡ್ತದ. ಮೂರೂ ಬ್ರೌಸರಿನವು, ಪುಟದ ಎಚ್‌ಟಿಎಂಎಲ್‌ನಾಗ ಹುಡುಕಿದ್ರ ಸಿಗೂದಿಲ್ಲ. ಸೆಲೆನಿಯಂನಾಗ ಮೊದಲ "ಸ್ವಿಚ್ ಟು ಅಲರ್ಟ್" ಅಂತ ಆ ಕಡೆ ತಿರುಗಿ, ಆಮ್ಯಾಲೆ ಅದರ ಅಕ್ಷರ ಓದಿ, "ಅಕ್ಸೆಪ್ಟ್" ಇಲ್ಲಾ "ಡಿಸ್‌ಮಿಸ್" ಅನಬೇಕು. ಕೆಲವು ಸೈಟಿನವ್ರು ತಾವ ಬಣ್ಣಬಣ್ಣದ ಬಾಕ್ಸ್ ಮಾಡಿರ್ತಾರ. ಅವು ಪುಟದೊಳಗಿನವ, ಉಳಿದ ಬಟನ್ ಹುಡುಕಿದಂಗ ಹುಡುಕಿ ಒತ್ತಬೇಕು.

ನನ್ನ ತಕರಾರು ಇಲ್ಲೆ ಅದ. ಬಾಕ್ಸ್ ಬಂತಾ, "ಅಕ್ಸೆಪ್ಟ್" ಅನ್ನು, ಮುಂದ ಹೋಗು ಅಂತ ಕಲಸ್ತಾರ. ಏನು ಬರದದ ಅಂತ ಓದೂದ ಇಲ್ಲ. ಹಂಗಂತ ನಾವು ಸುಮ್ನ ಕೂತ್ರೂ ಉತ್ತರ ಹೋಗೇ ಹೋಗ್ತದ: ಸೈಪ್ರೆಸ್‌ಗೆ ಏನೂ ಹೇಳದಿದ್ರ ಕನ್‌ಫರ್ಮ್‌ಗೆ ಅದ ಓಕೆ ಒತ್ತತದ, ಪ್ಲೇರೈಟ್‌ಗೆ ಹೇಳದಿದ್ರ ಅದು ಕ್ಯಾನ್ಸಲ್ ಮಾಡ್ತದ. ನಮ್ಮ ಪರವಾಗಿ ಹೌದು, ಅಲ್ಲ ಅನ್ನೂವ್ರು ಬ್ಯಾರೇನವ್ರು ಆದಂಗಾತು.

ಕ್ಯಾನ್ಸಲ್ ಒತ್ತಿದ್ರೂ ಆರ್ಡರ್ ಅಳಿಸಿ ಹೋಗೂವಂಥಾ ತಪ್ಪು ಸೈಟಿನ್ಯಾಗ ಇತ್ತು ಅನಕೋರಿ. ಬರೇ ಓಕೆ ಒತ್ತೂ ಟೆಸ್ಟ್ ನೂರು ಸಲ ನಡದ್ರೂ ನೂರು ಸಲಾನೂ ಪಾಸ್! ಬಾಕ್ಸಿನ್ಯಾಗ ಬ್ಯಾರೆ ಆರ್ಡರಿನ ನಂಬರ್ ಬಂದ್ರೂ ಪಾಸ್. ಹಸಿರು ಗುರುತು ನೋಡಿ ಎಲ್ಲಾರೂ ಖುಷಿಲೆ ಮನಿಗೆ ಹೋಗ್ತಾರ.

ಅದಕ್ಕ ಒಂದು ಕನ್‌ಫರ್ಮ್‌ಗೆ ಎರಡು ಟೆಸ್ಟ್ ಬೇಕು ಅಂತೀನಿ ನಾನು. ಓಕೆ ಅಂದು, ಆರ್ಡರ್ ಹೋತೋ ನೋಡೂದೊಂದು. ಕ್ಯಾನ್ಸಲ್ ಅಂದು, ಆರ್ಡರ್ ಇದ್ದಲ್ಲೇ ಅದನೋ ನೋಡೂದೊಂದು. ಎರಡರಾಗೂ ಮೊದಲ ಬಾಕ್ಸಿನ ಅಕ್ಷರ ಓದಿಸ್ರಿ. "ಟೈಮ್ ಎಲ್ಲದವಾ?" ಅಂತ ಮ್ಯಾನೇಜರ್ ಅಂದಾರು. ನಾಕು ಸಾಲು ಹೆಚ್ಚಿಗಿ ಬರೀಬೇಕು, ಅಷ್ಟ.

ಯಾಕಂದ್ರ ಬೆರಳು ತಪ್ಪಿ ಎಲ್ಲೋ ಒತ್ತಿ, ಹೆದರಿ, ದಡಬಡಿಸಿ ಕ್ಯಾನ್ಸಲ್ ಒತ್ತೂವ್ರು ಯಾರ್ರಿ? ನಮ್ಮ ಕಾಕು, ನಮ್ಮ ವೈನಿ, ನಮ್ಮ ಅವ್ವ. ಅವ್ರು "ಬ್ಯಾಡ" ಅಂದಾಗ ಬ್ಯಾಡ ಅಂತನ ಆಗಬೇಕು. ಅದನ್ನ ನೋಡ್ಕೊಳ್ಳೂದು ಟೆಸ್ಟ್ ಬರಿಯಾಕಿ ಕೆಲಸ.